ಕೃಷ್ಣನ ಪಾರ್ಟು ಯಾರಿಗೆ?



ಡೆನ್ಮಾರ್ಕ್ ದೇಶದ ಆಂಡರ್ಸನ್ ಎಂಬ ಕಥೆಗಾರನು 1837ರಲ್ಲಿ ಪ್ರಕಟಿಸಿದ ಮತ್ಸ್ಯಕನ್ಯೆಯ ಕಥೆಯನ್ನು ಅಮೆರಿಕದ ಡಿಸ್ನಿ ಸಂಸ್ಥೆಯವರು ಮತ್ತೊಮ್ಮೆ ಚಲನಚಿತ್ರವನ್ನಾಗಿ ಮಾಡಹೊರಟು, 2019ರಲ್ಲಿ, ಆ ಕನ್ಯೆಯ ಪಾತ್ರಕ್ಕೆ ಹ್ಯಾಲಿ ಬೈಲಿ ಎಂಬ ಕಪ್ಪುವರ್ಣದ ಗಾಯಕಿಯನ್ನು ಆರಿಸಿದರೆಂಬ ವಾರ್ತೆ ಹೊರಬಿದ್ದೊಡನೆ ಎದ್ದ ಕೋಲಾಹಲವು, 2023ರಲ್ಲಿ ಚಿತ್ರವು ತೆರೆಗೆ ಬರುವವರೆಗೂ ಅಡಗಲಿಲ್ಲ. ಸೊಂಟದಿಂದ ಕೆಳಗೆ ಮೀನಾಗಿರತಕ್ಕ ಜೀವಿಯು ಸೊಂಟದಿಂದ ಮೇಲೆ ಬೆಳ್ಳಗೆಯೇ ಇರಬೇಕೆಂದು ಪಟ್ಟುಹಿಡಿದವರ ವಾದವನ್ನು ಕೇಳಿ ನಗುವುದೇನೋ ಸುಲಭ. ಆದರೆ ಅದರ ಅಡಿಯಲ್ಲಿರುವ ಪ್ರಶ್ನೆ ನಗುವಂಥದಲ್ಲ: ಎಂದೂ ಹುಟ್ಟದ, ಕವಿಯ ಮನಸ್ಸಿನಲ್ಲಿ ಮಾತ್ರವೇ ಬದುಕಿರುವ ವ್ಯಕ್ತಿಗೆ ಮೈಬಣ್ಣವೆಂಬುದುಂಟೆ? ಉಂಟಾದರೆ, ಆ ವ್ಯಕ್ತಿಯಾಗಿ ನಮ್ಮೆದುರು ಬಂದು ನಿಲ್ಲುವ ಅಧಿಕಾರ ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕಲು ಹಾಲಿವುಡ್ಡಿನಿಂದಲೇ ಹೊರಡಬೇಕಾದ್ದಿಲ್ಲ. ತುಮಕೂರಿನಲ್ಲಿ ಕುಳಿತು, ಒಂದು ಕಡೆ ಗುಬ್ಬಿಯನ್ನೂ ಇನ್ನೊಂದು ಕಡೆ ಕುಣಿಗಲ್ಲನ್ನೂ ನೋಡುತ್ತ ಇದನ್ನು ವಿಚಾರಿಸುವುದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಧಾರಾಳವಾಗಿದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ, ಊರಹಬ್ಬವನ್ನೋ ಜಾತ್ರೆಯನ್ನೋ ನಿಮಿತ್ತಮಾಡಿಕೊಂಡು ‘ಕುರುಕ್ಷೇತ್ರ’ ನಾಟಕವನ್ನಾಡುವ ವಾಡಿಕೆ ಇಂದಿಗೂ ಜೀವಂತವಾಗಿದೆ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಅಭ್ಯಾಸಕ್ಕೆ ಕೂರಿಸುವ ಮೊದಲೇ ಪಾರ್ಟುಗಳ ಹಂಚಿಕೆಯಾಗಬೇಕು; ಹಂಚಿಕೆಯೆಂದರೆ ಆಡತಕ್ಕವನೇ ಹಣ ಕೊಟ್ಟು ಪಾರ್ಟು ಪಡೆಯುವುದು. ಹಾಡುಗಳೂ ಮೆರೆಯುವ ಅವಕಾಶವೂ ಹೆಚ್ಚಾಗಿರುವ ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ಹಣ. ಭೀಮ, ಕರ್ಣ, ಶಕುನಿಯರಿಗೆ ಅದಕ್ಕಿಂತ ಕಡಮೆ. ವಿದುರ ಸಂಜಯರು ಕೈಗೆಟುಕುವ ಬೆಲೆಯವರು. ಕೃಷ್ಣನ ಪಾರ್ಟಿಗೆ ಇಬ್ಬರು ಹಟ ಹಿಡಿದರೆ ಜಗಳಕ್ಕೆ ಆಸ್ಪದ ಕೊಡದೆ ಇಬ್ಬರನ್ನೂ ಕೃಷ್ಣರನ್ನಾಗಿ ಮಾಡಿ, ಕರಪತ್ರದಲ್ಲಿ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಅಚ್ಚುಹಾಕಿಸಿಬಿಡುತ್ತಾರೆ. ಸಂಧಾನದ ಸೀನಿನಲ್ಲಿ ಸಣಕಲು ಮೈಯ, ಕೊಬ್ಬರಿ ವ್ಯಾಪಾರದ ಯುವಕನು ಕೃಷ್ಣನಾಗಿ ಕೌರವಸಭೆಗೆ ಬಂದು ಹೋದರೆ, ಗೀತೋಪದೇಶದ ಹೊತ್ತಿಗೆ ಅದೇ ಕಿರೀಟವನ್ನಿಟ್ಟು ರಥದ ಮೇಲೆ ನಿಂತಿರುವವನು ನಡುವಯಸ್ಸು ದಾಟಿದ, ಹೊಟ್ಟೆ ಮುಂದಕ್ಕೆ ಬಂದ ಗೃಹಸ್ಥ. ಸಫೇದಕ್ಕೆ ನೀಲಿ ಬೆರೆಸಿ ಬಳಿದ ಬಣ್ಣವೊಂದೇ ಇಬ್ಬರಿಗೂ ಸಮಾನ. ಅದಾದರೂ ಬೆಳಗಿನ ಜಾವದ ಹೊತ್ತಿಗೆ ಬೆವರಿಳಿದು, ಕಿವಿಯ ಹಿಂಬದಿಯಲ್ಲಿ ಅವನವನ ಸ್ವಂತ ಬಣ್ಣವನ್ನು ತೋರಿಸುತ್ತಿರುತ್ತದೆ. ನೋಡುತ್ತಿರುವ ಅಜ್ಜಿಯೊಬ್ಬಳಾದರೂ ಕೃಷ್ಣ ಬದಲಾದನೆಂದು ಗಲಿಬಿಲಿಗೊಂಡದ್ದನ್ನು ನಾನು ಕಂಡಿಲ್ಲ. ನೆಂಟರು ರಂಗಕ್ಕೇರಿ ಹಾರ ಹಾಕುತ್ತಾರೆ, ಎದೆಗೆ ನೋಟನ್ನು ಪಿನ್ನು ಚುಚ್ಚಿ ಸಿಕ್ಕಿಸುತ್ತಾರೆ, ಯುದ್ಧ ಅಷ್ಟು ಹೊತ್ತು ಕಾಯುತ್ತದೆ.

ಇಲ್ಲಿ ಪಾತ್ರವನ್ನು ನಿರ್ಣಯಿಸುವುದು ಹಣ, ಕಂಠ, ಆಸೆ ಈ ಮೂರೇ ಹೊರತು ರೂಪಸಾದೃಶ್ಯವಲ್ಲ. ಸಾದೃಶ್ಯ ಬೇಡವೆಂಬ ಒಪ್ಪಂದವು ನಟನಿಗೂ ನೋಡುವವನಿಗೂ ನಡುವೆ ಮೊದಲೇ ಆಗಿಹೋಗಿದೆ. ಬಣ್ಣವು ಆ ಒಪ್ಪಂದದ ಮುದ್ರೆ. ಈ ಔದಾರ್ಯಕ್ಕೂ ಮೇರೆಯುಂಟು, ಅದನ್ನು ಮುಚ್ಚಿಡಬಾರದು. ಊರಿನ ಮುಂದಿನ ರಂಗದಲ್ಲಿ ಎಲ್ಲ ಕೇರಿಯವರ ಹಣಕ್ಕೂ ಒಂದೇ ಬೆಲೆಯಿರಲಿಲ್ಲ. ಅದು ಗೊತ್ತಿದ್ದೇ ಎಷ್ಟೋ ಹಳ್ಳಿಗಳಲ್ಲಿ ಹೊರಗೇರಿಯವರು ತಮ್ಮದೇ ಬೇರೆ ನಾಟಕವನ್ನು ಕಟ್ಟಿ, ತಮ್ಮವನನ್ನೇ ಕೃಷ್ಣನನ್ನಾಗಿ ಮಾಡಿಕೊಂಡರು. ಅವರಿಗೂ ಪಾಠ ಹೇಳಿದವರು ಆ ಸೀಮೆಯ ಮೇಷ್ಟ್ರುಗಳೇ.

ಈ ಹಳ್ಳಿಯ ನಾಟಕಗಳಿಗೆಲ್ಲ ಮೇಲ್ಪಂಕ್ತಿಯಾದದ್ದು, 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ; ಲೋಕದ ಬಾಯಲ್ಲಿ ಗುಬ್ಬಿ ಕಂಪನಿ. ಆರರ ಪ್ರಾಯದಲ್ಲಿ ಬಾಲನಟನಾಗಿ ಅದನ್ನು ಸೇರಿ ಮುಂದೆ ಅದರ ಯಜಮಾನರಾದ ವೀರಣ್ಣನವರು, ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೆಲ್ಲ ನಗಿಸಿದ ಮಹಾ ವಿನೋದಿಗಳಾಗಿದ್ದರೂ, ವ್ಯವಹಾರದಲ್ಲಿ ಸಾಹಸಿಗಳು. ಗಂಡಸರೇ ಸೀರೆಯುಟ್ಟು ದ್ರೌಪದಿ ಸುಭದ್ರೆಯರಾಗುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗಕ್ಕೆ ತಂದವರ ಮುಂಚೂಣಿಯಲ್ಲಿ ಅವರಿದ್ದರು, ಸುಂದರಮ್ಮನವರೂ ಬಿ. ಜಯಮ್ಮನವರೂ ಆ ರಂಗದ ಮೇಲೆಯೇ ಬೆಳಗಿದರು. ಆಗ ಎದ್ದ ಆಕ್ಷೇಪಣೆಗಳಲ್ಲಿ ಮಾನಮರ್ಯಾದೆಯ ಮಾತಿನ ಜತೆಗೆ ಕಲೆಯ ಮಾತೂ ಒಂದಿತ್ತು. ಗಂಡಸು ಹೆಣ್ಣಾಗುವುದರಲ್ಲಿ ಅಭಿನಯವಿದೆ, ಹೆಣ್ಣೇ ಹೆಣ್ಣಾಗುವುದರಲ್ಲಿ ಏನು ಹೆಚ್ಚಳ? ಚತುರವಾದ ವಾದವೇ. ಆದರೆ ಅದನ್ನು ಹೂಡಿದವರು, ಹೆಣ್ಣು ಗಂಡಾಗುವುದರಲ್ಲಿಯೂ ಅಷ್ಟೇ ಅಭಿನಯವಿರಬಹುದಲ್ಲವೇ ಎಂಬ ಕಡೆಗೆ ತಿರುಗಿಯೂ ನೋಡಲಿಲ್ಲ. ವೇಷಾಂತರದ ಸ್ವಾತಂತ್ರ್ಯವು ಒಂದೇ ದಿಕ್ಕಿಗೆ ಹರಿಯತಕ್ಕದ್ದೆಂಬ ಈ ಗ್ರಹಿಕೆ, ನಾನು ಇಂದು ಹೇಳಬೇಕೆಂದಿರುವ ವಿಷಯದ ಬೇರು.

ಅದೇ ಕಂಪನಿಯು 1934ರಲ್ಲಿ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ ಕುದುರೆಗಳೊಡನೆ ಆಡಿತು. ನಿಜವಾದ ಆನೆಯ ಪಕ್ಕದಲ್ಲಿ ಬಣ್ಣ ಬಳಿದ ಭೀಮನು ನಿಂತಾಗ ಒಪ್ಪಂದದ ಒಂದು ಕೊಂಡಿ ಸಡಿಲವಾಯಿತೆಂದೇ ನನ್ನ ಅಭಿಪ್ರಾಯ. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಅದಕ್ಕೆ ಸಾಹಿತ್ಯವನ್ನೊದಗಿಸಿದವರು, ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟಿದ್ದ, ನಮ್ಮ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು. ಕವಿಯೂ ರಂಗದವನೇ, ನಟರೂ ರಂಗದವರೇ. ಬದಲಾದದ್ದು ನೋಡುವ ಕಣ್ಣು. ರಂಗದ ಬಣ್ಣವು ದೂರದಲ್ಲಿ ಕುಳಿತವನಿಗಾಗಿ ಬಳಿದದ್ದು. ಕ್ಯಾಮೆರಾವಾದರೋ ಮುಖದಿಂದ ಗೇಣುದ್ದದಲ್ಲಿ ಬಂದು ನಿಂತು, ಚರ್ಮದ ರಂಧ್ರಗಳನ್ನು ಸಹ ಎಣಿಸುವಂಥದು. ಅದರ ಮುಂದೆ ಬಣ್ಣವು ಬಣ್ಣವಾಗಿ ಉಳಿಯದೆ ಮೈಬಣ್ಣವೆಂಬ ಸುಳ್ಳಾಗಿಬಿಡುತ್ತದೆ. ಆದ್ದರಿಂದ ರಂಗದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಚಿತ್ರದಲ್ಲಿ ಕೇಳುವವರನ್ನು ಅರಸಿಕರೆಂದು ಹಳಿಯುವುದು ನ್ಯಾಯವಲ್ಲ.

ಆದರೂ ನಮ್ಮ ಚಿತ್ರರಂಗವು ಬಹುಕಾಲ ರಂಗಭೂಮಿಯ ಉದಾರಬುದ್ಧಿಯನ್ನೇ ಇಟ್ಟುಕೊಂಡಿತ್ತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜರು ರಾಜಕುಮಾರರೆಂಬ ಹೆಸರಿನಿಂದ 1954ರಲ್ಲಿ ‘ಬೇಡರ ಕಣ್ಣಪ್ಪ’ನಾದರು, 1962ರಲ್ಲಿ ಕಬೀರರಾದರು. ಬೇಡನ ಪಾತ್ರಕ್ಕೆ ಬೇಡನೇ ಬೇಕೆಂದಾಗಲಿ, ಕಬೀರರ ಪಾತ್ರಕ್ಕೆ ಮುಸಲ್ಮಾನ ನೇಯ್ಗೆಯವನೇ ಬೇಕೆಂದಾಗಲಿ ಯಾರೂ ಕೇಳಲಿಲ್ಲ. ಅದಕ್ಕೂ ಹಿಂದೆ ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರರು ಷಾಜಹಾನನೂ ಆಗಿ ಗೌತಮ ಬುದ್ಧನೂ ಆಗಿ ಮೆಚ್ಚುಗೆ ಗಳಿಸಿದ್ದರು. ಇನ್ನೂ ಹಿಂದೆ ಸರಿದರೆ, ಷೇಕ್ಸ್‌ಪಿಯರನ ಕರಿಯ ಸೇನಾಪತಿ ಒಥೆಲೋವನ್ನು ಬಸವಪ್ಪ ಶಾಸ್ತ್ರಿಗಳು ಶೂರಸೇನನೆಂದು ಕರೆದು ಕನ್ನಡದವನನ್ನಾಗಿ ಮಾಡಿಯೇಬಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಅದೇ ಒಥೆಲೋ ಪಾತ್ರವನ್ನು ಐರಾ ಆಲ್ಡ್ರಿಜ್ ಎಂಬ ಕಪ್ಪು ನಟನು 1833ರಲ್ಲಿಯೇ ಲಂಡನ್ನಿನ ದೊಡ್ಡ ರಂಗದ ಮೇಲೆ ಅಭಿನಯಿಸಿ ತೋರಿಸಿದ್ದರೂ, ಪಾಲ್ ರೋಬ್ಸನ್ನನು 1943ರಲ್ಲಿ ನ್ಯೂಯಾರ್ಕನ್ನು ಬೆರಗುಗೊಳಿಸಿದ್ದರೂ, 1965ರ ಚಲನಚಿತ್ರದಲ್ಲಿ ಲಾರೆನ್ಸ್ ಒಲಿವಿಯೆ ಮೈಗೆಲ್ಲ ಮಸಿ ಪೂಸಿಕೊಂಡೇ ಬಂದನು. ಕಪ್ಪು ನಟನು ಸಿಕ್ಕದೆ ಹೋದನೆಂದು ಹೇಳುವ ಹಾಗಿರಲಿಲ್ಲ.

ಈಗ ನಮ್ಮ ನಾಡಿನವನೇ ಆದ ಒಬ್ಬ ಹುಡುಗನ ವೃತ್ತಾಂತವನ್ನು ತುಸು ಸಾವಕಾಶವಾಗಿ ಹೇಳಬೇಕು. ಮೈಸೂರು ಸೀಮೆಯ ಕಾರಾಪುರದ ಕಾಡಿನಂಚಿನಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಾವುತನ ಮಗ. ಕಿಪ್ಲಿಂಗನ ಕಥೆಯೊಂದನ್ನು ಚಿತ್ರವನ್ನಾಗಿ ಮಾಡಲು ಮೈಸೂರಿಗೆ ಬಂದಿದ್ದ ಫ್ಲಾಹರ್ಟಿ ಎಂಬ ನಿರ್ದೇಶಕನ ತಂಡದವರ ಕಣ್ಣಿಗೆ ಬಿದ್ದು, 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾಗಿ, ಲೋಕಪ್ರಸಿದ್ಧನಾದನು. ಆನೆಯ ಸೊಂಡಿಲನ್ನು ಹಿಡಿದು ಮೇಲೇರುವ ಆ ಹುಡುಗನಲ್ಲಿ ಕೃತ್ರಿಮವೆಂಬುದು ಎಳ್ಳಷ್ಟೂ ಇಲ್ಲ. ಆದರೆ ಅದೇ ಚಿತ್ರದಲ್ಲಿ ಆನೆಗಾರರ ಮುಖ್ಯಸ್ಥನಾದ ಮಾಚುವಾ ಅಪ್ಪನು ಮಾತ್ರ ಅಲನ್ ಜೇಯ್ಸ್ ಎಂಬ ಬಿಳಿಯ ನಟ. ಕಂದುಬಣ್ಣ ಬಳಿದು, ರುಮಾಲು ಸುತ್ತಿ, ಅವನನ್ನು ಭಾರತೀಯನನ್ನಾಗಿ ಮಾಡಿದ್ದರು. 1942ರ ‘ಜಂಗಲ್ ಬುಕ್’ನಲ್ಲಿ ಸಾಬು ಮೌಗ್ಲಿಯಾದರೆ, ಅವನ ತಾಯಿಯ ಪಾತ್ರ ಅಮೆರಿಕದ ನಟಿಗೆ, ಬೇಟೆಗಾರ ಬಲದೇವನ ಪಾತ್ರ ಮಾಲ್ಟಾ ದ್ವೀಪದವನಿಗೆ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಸಾಬು ರಾಜಕುಮಾರ, ಅವನು ಮೋಹಿಸುವ ಪಹಾಡಿ ಹುಡುಗಿ ಕಾಂಚಿಯಾಗಿ ಮೂಗುತಿಯಿಟ್ಟು ಕುಣಿದವಳು ಜೀನ್ ಸಿಮ್ಮನ್ಸ್ ಎಂಬ ಇಂಗ್ಲಿಷ್ ಹುಡುಗಿ. ಸಾಬು ಅಮೆರಿಕದ ಪ್ರಜೆಯಾದನು, ಮಹಾಯುದ್ಧದಲ್ಲಿ ಆ ದೇಶದ ವಿಮಾನಪಡೆಯಲ್ಲಿ ಗನ್ನರನಾಗಿ ಹೋರಾಡಿದನು, 1963ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿಗೇ ಕಾಲವಾದನು. ಇಷ್ಟೆಲ್ಲ ಆದರೂ ಅವನಿಗೆ ದೊರೆತದ್ದು ಕಾಡಿನ ಹುಡುಗನ, ಪೌರಸ್ತ್ಯ ರಾಜಕುವರನ ಪಾತ್ರಗಳೇ. ಲಂಡನ್ನಿನ ಜೇಯ್ಸನು ಮೈಸೂರಿನ ಮಾವುತನಾಗಬಹುದು, ಮೈಸೂರಿನ ಸಾಬು ಲಂಡನ್ನಿನ ಗುಮಾಸ್ತನಾಗಲಾರ. ‘ಎಲಿಫೆಂಟ್ ಬಾಯ್’ ಬಂದ ವರ್ಷವೇ ‘ದಿ ಗುಡ್ ಅರ್ತ್’ ಚಿತ್ರದಲ್ಲಿ ಚೀಣಾದ ರೈತದಂಪತಿಗಳಾಗಿ ಬಿಳಿಯರಾದ ಪಾಲ್ ಮುನಿಯೂ ಲೂಯಿಸ್ ರೈನರಳೂ ನಟಿಸಿದರು. ರೈನರಳಿಗೆ ಆಸ್ಕರ್ ಪ್ರಶಸ್ತಿಯೂ ಬಂತು. ಆನಾ ಮೇ ವಾಂಗ್ ಎಂಬ ಚೀಣೀ ಮೂಲದ ಪ್ರಸಿದ್ಧ ನಟಿ ಹಾಲಿವುಡ್ಡಿನಲ್ಲಿಯೇ ಇದ್ದಳು.

ಇದೆಲ್ಲ ಕಡಲಾಚೆಯ ಮಾತೆಂದು ಕುಣಿಗಲ್ಲಿನವರು ಸುಮ್ಮನಿರುವಂತಿಲ್ಲ. ಅವರ ನೆರೆಯ ಮಾಗಡಿ ಸೀಮೆಯ ಸಾವನದುರ್ಗದ ಹೆಬ್ಬಂಡೆಯೂ, ಅದರಾಚೆಯ ರಾಮನಗರದ ಬೆಟ್ಟಗಳೂ, ಡೇವಿಡ್ ಲೀನನ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮರಬಾರ್ ಗುಹೆಗಳಿರುವ ಗಿರಿಗಳಾಗಿ ಅಭಿನಯಿಸಿವೆ. ಮೂಲ ಕಾದಂಬರಿಕಾರನ ಮನಸ್ಸಿನಲ್ಲಿದ್ದುದು ಬಿಹಾರದ ಬರಾಬರ್ ಗುಹೆಗಳು. ಹಾಗಾಗಿ ಕನ್ನಡದ ಬಂಡೆಯೊಂದು ಬಿಹಾರದ ಬಂಡೆಯ ಪಾತ್ರವನ್ನು ವಹಿಸಿತೆನ್ನಬಹುದು; ಬಿಹಾರದವರು ಆಕ್ಷೇಪಿಸಿದ್ದು ತಿಳಿದಿಲ್ಲ! ಅದೇ ಚಿತ್ರದಲ್ಲಿ ಪ್ರೊಫೆಸರ್ ಗೋಡಬೋಲೆ ಎಂಬ ಬ್ರಾಹ್ಮಣನಾಗಿ ಬಂದವನು ಆಲೆಕ್ ಗಿನ್ನೆಸ್. ಡಾಕ್ಟರ್ ಅಜೀಜನ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿ ಸಿಕ್ಕಿದರು, ಬಂಡೆಗೆ ಬಂಡೆ ಸಿಕ್ಕಿತು. ತತ್ತ್ವಜ್ಞಾನ ಹೇಳುವ ಹಾರುವನೊಬ್ಬನು ಮಾತ್ರ ಈ ದೇಶದಲ್ಲೆಲ್ಲ ಹುಡುಕಿದರೂ ದೊರೆಯಲಿಲ್ಲವೆಂದರೆ ನಂಬುವುದು ಕಷ್ಟ. ಗಿನ್ನೆಸ್ ಮಹಾನಟನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಚಿತ್ರದಲ್ಲಿ ಅವನು ಬಂದಾಗಲೆಲ್ಲ ನನ್ನ ಕಣ್ಣು ಪಾತ್ರವನ್ನು ಬಿಟ್ಟು ಬಣ್ಣವನ್ನೇ ನೋಡುತ್ತಿರುತ್ತದೆ, ಮತ್ತು ಹಿಂದಿರುವ ಬಂಡೆ ಅವನಿಗಿಂತ ಸಹಜವಾಗಿ ನಟಿಸುತ್ತಿರುವಂತೆ ತೋರುತ್ತದೆ.

ಬಿಳಿಯರನ್ನು ಹೀಗೆ ಕಟಕಟೆಗೆ ಹತ್ತಿಸಿದ ಮೇಲೆ ನಮ್ಮ ಮನೆಯ ಕಡೆಗೆ ತಿರುಗದಿದ್ದರೆ ಅಪ್ರಾಮಾಣಿಕತೆಯಾದೀತು. ನಮ್ಮಲ್ಲಿ ವರ್ಣಭೇದದ ಸ್ಥಾನದಲ್ಲಿ ಜಾತಿ ಕುಳಿತಿದೆ. ಮೈಬಣ್ಣದ ವ್ಯಾಮೋಹವಂತೂ ಅದಕ್ಕೆ ಊರುಗೋಲಾಗಿ ಜತೆಯಲ್ಲಿಯೇ ಇದೆ. 1970ರ ‘ಸಂಸ್ಕಾರ’ದಲ್ಲಿ ಕೆಳಜಾತಿಯವಳಾದ ಚಂದ್ರಿಯ ಪಾತ್ರವನ್ನು ಸ್ನೇಹಲತಾ ರೆಡ್ಡಿಯವರು ವಹಿಸಿದರು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದ ಬಿ. ವಿ. ಕಾರಂತರು, ಶಿವರಾಮ ಕಾರಂತರ ಕಾದಂಬರಿಯಿಂದ 1975ರಲ್ಲಿ ಮಾಡಿದ ‘ಚೋಮನ ದುಡಿ’ಯಲ್ಲಿ, ಅಸ್ಪೃಶ್ಯನಾದ ಚೋಮನಾಗಿ ನಟಿಸಿದವರು ಎಂ. ವಿ. ವಾಸುದೇವ ರಾವ್. ಅವರು ಆ ಕೇರಿಯವರಲ್ಲ. ಆದರೂ ದುಡಿಯ ಮೇಲೆ ಆ ಕೈ ಬೀಳುವ ರೀತಿ, ಕುಡಿದ ಕಣ್ಣಿನ ಆ ಹಟ, ಸ್ವಂತ ಬೇಸಾಯದ ಆಸೆ ಭಗ್ನವಾಗುತ್ತ ಬಂದಂತೆ ಕುಗ್ಗುವ ಬೆನ್ನು, ಇವುಗಳನ್ನು ನೋಡಿದ ಯಾರೂ ಅದು ಸುಳ್ಳೆಂದಾರರು; ರಾಷ್ಟ್ರಪ್ರಶಸ್ತಿಯು ಅವರಿಗೆ ಸಂದದ್ದು ಸರಿಯಾಗಿಯೇ ಇತ್ತು. ಆ ಪಾತ್ರವನ್ನು ಅವರು ಮಾಡಬಾರದಾಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ನಾನು ಕೇಳತಕ್ಕದ್ದು ಬೇರೆ: ಚೋಮನ ಕೇರಿಯಲ್ಲಿ ಹುಟ್ಟಿದ ನಟನೊಬ್ಬನನ್ನು ಕರೆದು, ‘ಸಂಸ್ಕಾರ’ದ ಶಾಸ್ತ್ರವೇತ್ತರಾದ ಪ್ರಾಣೇಶಾಚಾರ್ಯರ ಪಾತ್ರವನ್ನು ಅವನ ಕೈಗೆ ಕೊಟ್ಟು, ಮಂತ್ರವನ್ನು ಕಲಿಸಿ, ಕ್ಯಾಮೆರಾದ ಮುಂದೆ ನಿಲ್ಲಿಸುವ ಯೋಚನೆ ನಮ್ಮ ಎಷ್ಟು ಮಂದಿ ನಿರ್ದೇಶಕರಿಗೆ ಬಂದೀತು? ಹಳ್ಳಿಯ ಹುಡುಗಿಯ ಪಾತ್ರಕ್ಕೆ ಮುಂಬಯಿಯಿಂದ ಬೆಳ್ಳನೆಯ ನಟಿಯನ್ನು ಕರೆತಂದು, ಅವಳ ಬಾಯಿಗೆ ಇನ್ನೊಬ್ಬಳ ಕಂಠವನ್ನು ಡಬ್ಬಿಂಗಿನಲ್ಲಿ ಜೋಡಿಸುವ ಶ್ರಮದಲ್ಲಿ ಕಾಲುಭಾಗವೂ ಇದಕ್ಕೆ ಬೇಡ.

ಹಾಗಾದರೆ ಅವರವರ ಪಾತ್ರವನ್ನು ಅವರವರೇ ಮಾಡತಕ್ಕದ್ದೆಂಬ ಕಟ್ಟಳೆಯಾಗಲಿ ಎಂದು ಕೆಲವರು ಹೇಳುತ್ತಾರೆ. ಇದು ನನಗೆ ಒಪ್ಪಿತವಲ್ಲ. ಹಾಗೆ ಮಾಡಿದರೆ ವೇಷವೆಂಬ ಕಲೆಯೇ ಅಳಿದು, ಪ್ರತಿಯೊಬ್ಬನೂ ತನ್ನ ಜನನಪತ್ರವನ್ನು ಅಭಿನಯಿಸುವಂತಾಗುತ್ತದೆ. ಬೀಗ ಹಾಕಿದ್ದ ಬಾಗಿಲನ್ನು ತೆರೆಯಿರೆಂದರೆ, ತೆರೆದಿದ್ದ ಬಾಗಿಲಿಗೂ ಬೀಗ ಹಾಕಿದಂತೆ. ಗುಬ್ಬಿ ಕಂಪನಿಯಲ್ಲಿ ಪಾತ್ರವಹಿಸುತ್ತಿದ್ದ ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ಹೇಳಿದ ಉತ್ತರ ಇದಕ್ಕಿಂತ ಮೇಲಾದದ್ದು. ಹೆಂಗಸರೇ ಇದ್ದ ಆ ಕಂಪನಿಯಲ್ಲಿ ಅವರು ಕಂಸನಾದರು, ರಾವಣನಾದರು, ದುರ್ಯೋಧನನಾದರು. ಗಂಡಸರು ಸೀರೆ ಉಡಬಾರದೆಂದು ಅವರು ವಾದಿಸಲಿಲ್ಲ. ಗದೆಯನ್ನು ತಾವೂ ಕೈಗೆತ್ತಿಕೊಂಡರು. ಸೀತೆಯ ಪಾತ್ರಕ್ಕೆ ಮಾತ್ರವೇ ತಕ್ಕವರೆಂದು ಲೋಕ ತಿಳಿದಿದ್ದವರು, ಹೆಗಲ ಮೇಲೆ ಗದೆಯನ್ನಿಟ್ಟು, ಕಿರೀಟದ ಭಾರಕ್ಕೆ ಕತ್ತನ್ನು ನೆಟ್ಟಗೆ ನಿಲ್ಲಿಸಿ, ರಂಗದ ನಡುವೆ ಬಂದು ನಿಂತ ಗತ್ತನ್ನು ನೋಡಿದವರು ಈಗಲೂ ನೆನೆಯುತ್ತಾರೆ.

ನಿಜವಾದ ಜನಾಂಗದ ಪ್ರಶ್ನೆಯೇ ಕರ್ನಾಟಕದಲ್ಲಿ ಎದುರಾದ ಪ್ರಸಂಗವೂ ಒಂದುಂಟು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿಗಳು, ಶತಮಾನಗಳ ಹಿಂದೆ ಆಫ್ರಿಕದಿಂದ ಈ ತೀರಕ್ಕೆ ತರಲ್ಪಟ್ಟವರ ಸಂತತಿ. ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಈ ಜನರೊಡನೆ ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು 1980ರ ದಶಕದಲ್ಲಿ ಮಂಚಿಕೇರಿಯಲ್ಲಿ ಕೆಲಸಮಾಡಿ, ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಅವರಿಂದಲೇ ಆಡಿಸಿದರು. ಯಾವ ಬಣ್ಣವನ್ನೂ ಬಳಿಯಬೇಕಾಗಿರಲಿಲ್ಲ. ಪೂರ್ವಜರ ಖಂಡದ ಕಥೆಯನ್ನು, ಆ ಖಂಡವನ್ನೇ ಕಾಣದವರು, ಕನ್ನಡದಲ್ಲಿ ನುಡಿದರು. ಇದು ಒಂದು ಬಗೆಯ ನ್ಯಾಯ. ತರುವಾಯದ ತಲೆಮಾರಿನಲ್ಲಿ ಅದೇ ನೀನಾಸಮ್‌ನಲ್ಲಿ ಕಲಿತು ಬಂದ ಪ್ರಶಾಂತ್ ಸಿದ್ದಿಯವರು 2011ರ ‘ಪರಮಾತ್ಮ’ ಮೊದಲಾದ ಚಿತ್ರಗಳಲ್ಲಿ ಕಾಣಿಸಿಕೊಂಡು, ಆಫ್ರಿಕದ ಮಾತೇ ಇಲ್ಲದ ಕಥೆಗಳಲ್ಲಿ ಕನ್ನಡದ ಹುಡುಗನಾಗಿಯೇ ನಗಿಸಿದರು. ಇದು ಇನ್ನೊಂದು ಬಗೆಯದು. ಎರಡನೆಯದು ಮೊದಲನೆಯದಕ್ಕಿಂತ ದುರ್ಲಭ. ಆದರೂ ನಾಯಕನ ಪಕ್ಕದ ಹಾಸ್ಯದ ಗೆಳೆಯನ ಸ್ಥಾನದಿಂದ ನಾಯಕನ ಸ್ಥಾನಕ್ಕೆ ಇರುವ ನಾಲ್ಕು ಹೆಜ್ಜೆಯನ್ನು ದಾಟಿಸಲು ನಮ್ಮ ನಿರ್ಮಾಪಕರು ಏಕೆ ಹಿಂಜರಿಯುತ್ತಾರೆಂಬುದನ್ನು ಅವರನ್ನೇ ಕೇಳಬೇಕು.

ಇದ್ದವರನ್ನು ಇದ್ದಂತೆಯೇ ತೋರಿಸುವ ಕ್ರಮದಲ್ಲಿಯೂ ಒಂದು ಬಲೆಯಿದೆಯೆಂಬುದು ‘ತಿಥಿ’ ಚಿತ್ರದ ನಂತರ ನನಗೆ ಮನವರಿಕೆಯಾಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ, ನಟನೆಯ ಗಂಧವಿಲ್ಲದವರನ್ನೇ, ಪಾತ್ರಗಳಿಗೆ ಹಾಕಿ ರಾಮ್ ರೆಡ್ಡಿಯವರು ಮಾಡಿದ ಆ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋದಲ್ಲಿ ಪ್ರಶಸ್ತಿ ಗಳಿಸಿ ನಮಗೆಲ್ಲ ಹೆಮ್ಮೆ ತಂದಿತು. ಕುಣಿಗಲ್ ಸೀಮೆಯ ಯಾವ ಊರ ಜಗುಲಿಯಲ್ಲಾದರೂ ಕೇಳಸಿಗುವ ಮಾತಿನ ವರಸೆ ಅದರಲ್ಲಿದೆ. ಚಿತ್ರ ಗೆದ್ದ ಮೇಲೆ, ಅದರಲ್ಲಿ ಮುದುಕರಾಗಿ ನಟಿಸಿದ ಗಡ್ಡಪ್ಪನನ್ನೂ ಸೆಂಚುರಿ ಗೌಡನನ್ನೂ ಬೇರೆ ನಿರ್ಮಾಪಕರು ಕರೆದರು, ‘ತರ್ಲೆ ವಿಲೇಜ್’ ಮುಂತಾದ ಚಿತ್ರಗಳು ಬಂದವು. ಅಲ್ಲೆಲ್ಲ ಅವರಿಗೆ ಒದಗಿದ್ದು ಅದೇ ಪಟಿಂಗ ಮುದುಕರ ಪಾತ್ರ, ಅದೇ ಬೀಡಿ, ಅದೇ ಬೈಗುಳ. ಸಾಬುವಿಗೆ ಆನೆಯನ್ನು ಕಟ್ಟಿದಂತೆ ಇವರಿಗೆ ಹಳ್ಳಿಯನ್ನು ಕಟ್ಟಿಬಿಟ್ಟರು. ‘ತಿಥಿ’ಯಲ್ಲಿ ಗಡ್ಡಪ್ಪನು ರಾತ್ರಿಯ ಬೆಂಕಿಯ ಮುಂದೆ, ಕುರಿ ಕಾಯುವವರ ನಡುವೆ ಕುಳಿತು, ತನ್ನ ಬಾಳಿನ ಕೇಡನ್ನು ಅಳುಕದೆ, ಸ್ವರವೇರಿಸದೆ ಹೇಳುವ ಒಂದು ಘಟ್ಟವಿದೆ. ಆ ಕಂಠವನ್ನೂ ಆ ಗಡ್ಡವನ್ನೂ ನೋಡಿದ 'ಕುರುಕ್ಷೇತ್ರ'ದ ಯಾವ ಮೇಷ್ಟ್ರಾದರೂ ಒಡನೆಯೇ ಶರಶಯ್ಯೆಯ ಭೀಷ್ಮನ ಪಾರ್ಟನ್ನು ಅವನಿಗೆ ಬರೆದುಕೊಟ್ಟಿರುತ್ತಿದ್ದರು. ಹಣ ಕೊಡುವ ಶಕ್ತಿ ಅವನಿಗಿಲ್ಲವೆಂದು ತಿಳಿದರೆ, ದುರ್ಯೋಧನನಿಂದ ಇನ್ನಷ್ಟು ವಸೂಲು ಮಾಡಿಯಾದರೂ.